ಪತ್ತನಾಜೆಗೆ ಮುನ್ನ ಮಾಡಿನ ಕಡೆಗೊಂದು ನೋಟ

ವಿಷು ಕಳೆದು ವಾರವಾಯಿತು. ಕಣಿಗೆ ಇಟ್ಟಿದ್ದ ಸೌತೆಕಾಯಿ ಹುಳಿಯಾಗಿ ಹೊಟ್ಟೆ ಸೇರಿದೆ. ಅಂಗಳದಲ್ಲಿ ಹಪ್ಪಳ ಒಣಗುತ್ತಿದೆ. ಕೊಟ್ಟಿಗೆಯ ಬದಿಯಲ್ಲಿ ಕಟ್ಟಿಗೆಯ ಅಟ್ಟಿ ದಿನದಿನಕ್ಕೆ ಏರುತ್ತಿದೆ. ಮಾವಿನ ಮಿಡಿ ಭರಣಿಯೊಳಗೆ ಸೇರಿ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡಿದೆ. ಮಳೆಗಾಲದ ನಾಲ್ಕು ತಿಂಗಳಿಗೆ ಏನೇನು ಬೇಕು ಎಂಬುದನ್ನು ನಮ್ಮ ಮನೆಗಳ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇಷ್ಟೆಲ್ಲ ಸಿದ್ಧತೆ ಮಾಡುವ ನಾವು ಇವೆಲ್ಲಕ್ಕೂ ನೆರಳಾಗಿರುವ ಒಂದನ್ನು ಮಾತ್ರ ಮರೆತುಬಿಡುತ್ತೇವೆ. ಅದು ತಲೆಯ ಮೇಲಿನ ಮಾಡು. ಹನಿ ಹಣೆಗೆ ಬಿದ್ದಾಗಲೇ ನಮಗೆ ಅದರ ನೆನಪು. ಆಗ ಮಳೆ ಹಿಡಿದಿರುತ್ತದೆ, ಏಣಿ ಜಾರುತ್ತಿರುತ್ತದೆ, ಕೆಲಸದವರು ಸಿಕ್ಕುವುದಿಲ್ಲ.

ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇವೆ. ಇತರರಿಗೆ ಬುದ್ಧಿ ಹೇಳಲು ಹೊರಟವರು ತಮ್ಮ ತಪ್ಪನ್ನು ಮುಚ್ಚಿಡಬಾರದು.

ಅಟ್ಟದ ಮರದ ಪೆಟ್ಟಿಗೆ

ಹಿಂದಿನ ವರ್ಷ ಆಟಿ ತಿಂಗಳಲ್ಲಿ ಜಾಗದ ಹಳೆಯ ಆಧಾರಪತ್ರವೊಂದು ಬೇಕಾಯಿತು. 2022ರಲ್ಲಿ ಕೇರಳದಲ್ಲಿ ಡಿಜಿಟಲ್ ಮರುಸರ್ವೆ ಆರಂಭವಾದ ಮೇಲೆ ಗಡಿಕಲ್ಲಿನ ಮಾತು, ಹಳೆಯ ಪತ್ರದ ಮಾತು ನಮ್ಮ ಕಡೆಯ ಜಗಲಿಗಳಲ್ಲೆಲ್ಲ ಕೇಳಿಬರುತ್ತಿದೆಯಷ್ಟೆ. ನಾವೂ ಅಟ್ಟ ಹತ್ತಿದೆವು. ಅಜ್ಜನ ಕಾಲದ ಹಲಸಿನ ಮರದ ಪೆಟ್ಟಿಗೆ ಮೂಲೆಯಲ್ಲಿ ಇತ್ತು. ಮುಚ್ಚಳ ತೆಗೆಯಲು ಹೋದರೆ ಅದು ಉಬ್ಬಿ ಹಿಡಿದುಕೊಂಡಿತ್ತು. ಕತ್ತಿಯ ತುದಿಯಿಂದ ಮೀಟಿ ತೆರೆದಾಗ ಒಳಗಿನಿಂದ ಹಳಸಿದ ವಾಸನೆ ಬಂತು. ಮೇಲಿನ ಕಟ್ಟು ಒಂದೇ ಮುದ್ದೆಯಾಗಿತ್ತು. ಅದರ ನಡುವೆ ಗೆದ್ದಲು ಮಣ್ಣಿನ ದಾರಿ ಕಟ್ಟಿತ್ತು.

ಆಧಾರಪತ್ರ ಹೋದುದಕ್ಕೆ ನಾವು ಹೆಚ್ಚು ದುಃಖಿಸಬೇಕಾಗಿ ಬರಲಿಲ್ಲ. ನೋಂದಾಯಿತ ಪತ್ರಕ್ಕೆ ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ನಕಲು ಸಿಗುತ್ತದೆ. ಸಿಗದೆ ಹೋದವು ಬೇರೆ. ಅಡಕೆ ಮಾರಿದ ಲೆಕ್ಕ, ಯಾವ ವರ್ಷ ಯಾವ ತೋಟದಲ್ಲಿ ಕೊಳೆರೋಗ ಬಂತು, ಯಾರ ಮದುವೆಗೆ ಎಷ್ಟು ಅಕ್ಕಿ ಅಳೆದುಕೊಟ್ಟದ್ದು, ಎಲ್ಲವನ್ನೂ ಅಜ್ಜ ಕಪ್ಪು ಶಾಯಿಯಲ್ಲಿ ಬರೆದಿಟ್ಟ ಪುಸ್ತಕಗಳು ಅದರಲ್ಲಿದ್ದವು. ಕೈಯಿಂದ ನಕಲು ಮಾಡಿಕೊಂಡ ಯಕ್ಷಗಾನ ಪ್ರಸಂಗವೊಂದಿತ್ತು. ದೊಡ್ಡಪ್ಪನಿಗೆ ಬಂದ ಪತ್ರಗಳಿದ್ದವು. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಲದ ಕಂದಾಯದ ರಶೀದಿಗಳಿದ್ದವು. ಕಚೇರಿಯೂ ಮನೆಯೂ ಒಂದೇ ಅಕ್ಷರದಲ್ಲಿ ಮಾತಾಡುತ್ತಿದ್ದ ಕಾಲ ಅದು. 1956ರ ನವೆಂಬರ್ ಒಂದರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ಹಿಂದಿನ ಬಾಳಿಗೆ ನಮ್ಮ ಮನೆಯಲ್ಲಿದ್ದ ಸಾಕ್ಷಿ ಆ ಪೆಟ್ಟಿಗೆಯೊಂದೇ ಆಗಿತ್ತು.

ನೀರು ಎಲ್ಲಿಂದ ಬಂತು ಎಂದು ಮೇಲೆ ನೋಡಿದೆವು. ಮಾಡು ಗಟ್ಟಿಯಾಗಿಯೇ ಇತ್ತು. ಬಹಳ ಹೊತ್ತು ನೋಡಿದ ಮೇಲೆ ಒಂದು ಹಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ತೆಂಗಿನ ಗರಿಯೋ ಮಂಗನೋ ಕಾರಣವಾಗಿರಬೇಕು. ಒಂದು ಮಳೆಗಾಲದಲ್ಲಿ ಆದ ಹಾನಿ ಅದಲ್ಲ. ಮೂರು ನಾಲ್ಕು ವರ್ಷ ಹನಿಹನಿಯಾಗಿ ಇಳಿದ ನೀರನ್ನು ಪೆಟ್ಟಿಗೆ ಮೌನವಾಗಿ ಕುಡಿದಿತ್ತು. ನೆಲಕ್ಕೆ ಒಂದು ಹನಿಯೂ ಬೀಳದ್ದರಿಂದ ಮನೆ ಸೋರುತ್ತಿಲ್ಲ ಎಂದು ನಾವು ನೆಮ್ಮದಿಯಾಗಿದ್ದೆವು. ಹೋಟೆಲಿನ ಒಂದು ಊಟದ ಬೆಲೆಯ ಹಂಚು ಎರಡು ತಲೆಮಾರಿನ ಬರಹವನ್ನು ಕೊಂಡೊಯ್ದಿತು.

ಮುಳಿಮಾಡಿನಿಂದ ಹಂಚಿನ ಮಾಡಿಗೆ

ಇಂಥ ಉದಾಸೀನ ನಮ್ಮ ಹಿರಿಯರಿಗೆ ಸಾಧ್ಯವಿರಲಿಲ್ಲ. ಅವರು ಹೆಚ್ಚು ಜಾಗರೂಕರಾಗಿದ್ದರು ಎಂದಲ್ಲ, ಅವರ ಮಾಡು ಅವರನ್ನು ಸುಮ್ಮನೆ ಕುಳಿತುಕೊಳ್ಳಲು ಬಿಡುತ್ತಿರಲಿಲ್ಲ. ಮುಳಿಹುಲ್ಲಿನ ಮಾಡು, ಸೋಗೆಯ ಮಾಡು, ಹೆಣೆದ ಮಡಲಿನ ಮಾಡು, ಯಾವುದೇ ಆದರೂ ವರ್ಷಕ್ಕೊಮ್ಮೆ ಕೈ ಬೀಳಲೇಬೇಕಿತ್ತು. ಗುಡ್ಡದಿಂದ ಮುಳಿ ಕೊಯ್ದು ತರುವುದು, ಹಳೆಯ ಹೊದಿಕೆ ಇಳಿಸುವುದು, ಪಕ್ಕಾಸು ರೀಪುಗಳನ್ನು ತಟ್ಟಿ ನೋಡುವುದು, ಕೊಳೆತದ್ದನ್ನು ಬದಲಾಯಿಸಿ ಹೊಸ ಹೊದಿಕೆ ಹಾಕುವುದು. ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಒಂದು ಮನೆಯ ಮಾಡನ್ನು ಒಂದು ದಿನದಲ್ಲಿ ಮುಗಿಸುತ್ತಿದ್ದರು. ನಾಳೆ ಅವರ ಮನೆ, ನಾಡಿದ್ದು ಇವರ ಮನೆ. ಮಧ್ಯಾಹ್ನ ಚಾವಡಿಯಲ್ಲಿ ಒಟ್ಟಿಗೆ ಊಟ. ಈಗ ಎಂಬತ್ತು ದಾಟಿದವರನ್ನು ಕೇಳಿದರೆ ಆ ದಿನದ ಪಾಯಸದ ನೆನಪನ್ನೂ ಹೇಳುತ್ತಾರೆ.

ಅನಂತರ ಹಂಚು ಬಂತು. ಒಂದರ ಅಂಚು ಮತ್ತೊಂದರ ಅಂಚಿಗೆ ಸಿಕ್ಕಿಕೊಳ್ಳುವ ಹಂಚನ್ನು ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಗಿಲಾರ್ಡೋನಿ ಸಹೋದರರು 1841ರಲ್ಲಿ ರೂಪಿಸಿದರು. ಆ ಬಗೆಯ ಹಂಚನ್ನು ಮಂಗಳೂರಿನ ಜೆಪ್ಪಿನಲ್ಲಿ 1865ರಲ್ಲಿ ತಯಾರಿಸತೊಡಗಿದ್ದು ಬಾಸೆಲ್ ಮಿಶನ್. ಅದರ ಮುಂದಾಳು ಪ್ಲೆಬ್ಸ್ಟ್ ಎಂಬ ಜರ್ಮನ್ ಕಸುಬಿ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರತಂದ ಮೋಗ್ಲಿಂಗರೂ ಇದೇ ಮಿಶನ್ನಿನವರು. ಹೀಗೆ ನಮ್ಮ ಕರಾವಳಿಗೆ ಪತ್ರಿಕೆಯೂ ಹಂಚೂ ಒಂದೇ ಮನೆಯಿಂದ ಬಂದವು. ನೇತ್ರಾವತಿ, ಫಲ್ಗುಣಿ ನದಿಗಳ ದಡದ ಜೇಡಿಮಣ್ಣು, ಕಾಡಿನ ಸೌದೆ, ಸರಕು ಸಾಗಿಸಲು ನದಿ ಮತ್ತು ಕಡಲು, ಮೂರೂ ಒಂದೇ ಕಡೆ ಇದ್ದುದರಿಂದ ಊರವರೂ ಕಾರ್ಖಾನೆಗಳನ್ನು ಕಟ್ಟಿದರು. ಹಂಚು ಮಂಜಿಗಳಲ್ಲಿ ಬಂದರಿನಿಂದ ಬಂದರಿಗೆ ಹೋಯಿತು. 1907ರಲ್ಲಿ ರೈಲು ಮಂಗಳೂರಿನವರೆಗೆ ಬಂದ ಮೇಲೆ ಇನ್ನೂ ದೂರ ಹೋಯಿತು.

ಹಂಚು ಬೆಂಕಿಯ ಭಯವನ್ನು ಕಳೆಯಿತು, ವರ್ಷ ವರ್ಷದ ಹೊದಿಕೆಯ ಕೆಲಸವನ್ನು ತಪ್ಪಿಸಿತು. ಇದು ಸಣ್ಣ ಉಪಕಾರವಲ್ಲ. ಆದರೆ ಅದರೊಂದಿಗೆ ವರ್ಷಕ್ಕೊಮ್ಮೆ ಮಾಡನ್ನು ನೋಡುವ ಅಭ್ಯಾಸವೂ ಹೊರಟುಹೋಯಿತು. ಹಂಚು ಹಾಕಿದರೆ ಮುಗಿಯಿತು, ಇನ್ನು ಮೊಮ್ಮಕ್ಕಳ ಕಾಲದವರೆಗೆ ಚಿಂತೆಯಿಲ್ಲ ಎಂದು ನಾವು ತಿಳಿದೆವು. ಹಂಚಿಗೆ ನೂರು ವರ್ಷ ಆಯುಸ್ಸಿರಬಹುದು. ಆದರೆ ಮಾಡು ಎಂದರೆ ಹಂಚು ಮಾತ್ರವಲ್ಲ.

ಸೋರುವುದು ಎಲ್ಲಿಂದ?

ಸಾಧಾರಣ ಮಂಗಳೂರು ಹಂಚು ಸುಮಾರು 41 ಸೆಂಟಿಮೀಟರು ಉದ್ದ, 23.5 ಸೆಂಟಿಮೀಟರು ಅಗಲ ಇರುತ್ತದೆ. ತೂಕ ಎರಡರಿಂದ ಎರಡೂವರೆ ಕಿಲೋ. ನೂರು ಚದರ ಅಡಿ ಮಾಡಿಗೆ 140ರಿಂದ 150 ಹಂಚು ಬೇಕಾಗುತ್ತದೆ. ಸಾವಿರ ಚದರ ಅಡಿ ಮಾಡಿರುವ ಸಾಧಾರಣ ಮನೆಯ ಮೇಲೆ ಸಾವಿರದ ನಾಲ್ಕುನೂರು ಹಂಚು, ಅಂದರೆ ಮೂರು ಟನ್ನಿನಷ್ಟು ಭಾರ ಕುಳಿತಿದೆ ಎಂದಾಯಿತು. ಮಳೆ ನೀರು ಕುಡಿದಾಗ ಅದು ಇನ್ನೂ ಹೆಚ್ಚು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಅಷ್ಟು ನೀರನ್ನು ಸಾವಿರದ ನಾಲ್ಕುನೂರು ಹಂಚುಗಳು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಅಂಗಳಕ್ಕೆ ಇಳಿಸಬೇಕು. ಒಂದು ಕೈ ತಪ್ಪಿದರೂ ಸೋರುತ್ತದೆ.

ಒಡೆದ ಹಂಚು ಸೋರಿಕೆಗೆ ಒಂದು ಕಾರಣ ಮಾತ್ರ. ಹಂಚು ಒಡೆಯದೆ ಜಾರಿದರೂ ಸೋರುತ್ತದೆ. ಹಂಚಿನ ತಲೆಯ ಅಡಿಯಲ್ಲಿ ರೀಪಿಗೆ ಸಿಕ್ಕಿಕೊಳ್ಳುವ ಎರಡು ಮೂಗುಗಳಿರುತ್ತವೆ. ಅವು ಮುರಿದರೆ, ಇಲ್ಲವೆ ರೀಪು ಕೊಳೆತು ಬಗ್ಗಿದರೆ, ಹಂಚು ಎರಡು ಬೆರಳು ಕೆಳಕ್ಕೆ ಇಳಿಯುತ್ತದೆ. ಹಲಸಿನ ಎಲೆ, ಗಾಳಿಮರದ ಸೂಜಿಯೆಲೆ ಹಂಚಿನ ಕಾಲುವೆಯಲ್ಲಿ ಸೇರಿ ಕೊಳೆತರೆ ನೀರು ಕಟ್ಟಿ ಅಂಚು ದಾಟಿ ಒಳಗೆ ಬರುತ್ತದೆ. ಹಾವಸೆ ದಪ್ಪವಾಗಿ ಬೆಳೆದರೂ ಹಾಗೆಯೇ. ನೆತ್ತಿಯ ಕೋಡುಹಂಚಿನ ಗಾರೆ ಬಿರಿದರೆ ನೀರು ಎರಡೂ ಕಡೆಗೆ ಇಳಿಯುತ್ತದೆ. ಎರಡು ಮಾಡುಗಳು ಕೂಡುವ ತಗ್ಗಿನಲ್ಲಿ ಹಾಕಿದ ತಗಡು ತುಕ್ಕು ಹಿಡಿದರಂತೂ ಕೇಳುವುದೇ ಬೇಡ. ಮಾಡಿನ ಇಳಿಜಾರು ಕಡಿಮೆಯಿದ್ದಲ್ಲಿ ಎಲ್ಲವೂ ಸರಿಯಿದ್ದರೂ ಗಾಳಿಮಳೆ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಅಡುಗೆಮನೆಗೆ ಆಮೇಲೆ ಸೇರಿಸಿದ ಇಳಿಮಾಡುಗಳ ರೋಗ ಹೆಚ್ಚಾಗಿ ಇದೇ.

ಹನಿ ಬಿದ್ದ ಜಾಗದ ನೇರ ಮೇಲಿರುವ ಹಂಚನ್ನು ಬದಲಾಯಿಸಿದರೆ ಆಯಿತೆಂದು ಹಲವರು ತಿಳಿಯುತ್ತಾರೆ. ಮರುದಿನ ಅಲ್ಲಿಯೇ ಮತ್ತೆ ಹನಿ ಬಿದ್ದಾಗ ಕೆಲಸದವನನ್ನು ಬೈಯುತ್ತಾರೆ. ಒಳಗೆ ಬಂದ ನೀರು ಪಕ್ಕಾಸಿನ ಮೈ ಹಿಡಿದು ಒಂದೆರಡು ಮಾರು ಇಳಿದು, ಗಂಟೋ ಮೊಳೆಯೋ ಅಡ್ಡ ಬಂದಲ್ಲಿ ತೊಟ್ಟಿಕ್ಕುತ್ತದೆ. ಆದ್ದರಿಂದ ಹನಿಯಿಂದ ಮೇಲ್ಮುಖವಾಗಿ ಒದ್ದೆ ಗೆರೆಯನ್ನು ಅನುಸರಿಸಿ ಹುಡುಕಬೇಕು.

ಮಳೆಯಿಲ್ಲದ ಕಾಲದಲ್ಲಿ ಹುಡುಕಲು ಸುಲಭದ ದಾರಿಯಿದೆ. ಬಿಸಿಲು ಸುಡುವ ಮಧ್ಯಾಹ್ನ ಅಟ್ಟ ಹತ್ತಿ, ದೀಪ ಆರಿಸಿ, ಕಿಟಿಕಿ ಮುಚ್ಚಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಮೇಲೆ ನೋಡಿದರೆ ಬಿರುಕೂ ತೂತೂ ನಕ್ಷತ್ರಗಳಂತೆ ಹೊಳೆಯುತ್ತವೆ. ಅವಕ್ಕೆ ಹತ್ತಿರದ ರೀಪಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿರಿ. ರೀಪಿನ ಮೇಲಿನ ಕಪ್ಪು ಕಲೆ, ಬಿಳಿ ಬೂಷ್ಟು, ಗೋಡೆಯ ಮೇಲೆ ಇಳಿದ ಕಂದು ಗೆರೆ, ಇವೂ ಹಿಂದಿನ ವರ್ಷದ ಸೋರಿಕೆಯ ಸಹಿಗಳೇ. ಮುಚ್ಚಿಗೆ ಹಾಕಿದ ಮನೆಗಳಲ್ಲಿ ಹಲಗೆಯ ಮೇಲ್ಭಾಗವನ್ನು ನೋಡಲು ಮರೆಯಬಾರದು. ನಮ್ಮ ಪೆಟ್ಟಿಗೆಯಂತೆ ಮುಚ್ಚಿಗೆಯೂ ನೀರನ್ನು ಗುಟ್ಟಾಗಿ ಕುಡಿಯುತ್ತದೆ.

ಒಂದು ಹಂಚು ಬದಲಾಯಿಸುವ ಕ್ರಮ

ಇದು ಮಹಾವಿದ್ಯೆಯಲ್ಲ, ಆದರೆ ಅವಸರ ಕೂಡದು. ಮೇಲಿನ ಸಾಲಿನ ಹಂಚಿನ ಕೆಳಅಂಚು ಒಡೆದ ಹಂಚಿನ ತಲೆಯ ಮೇಲೆ ಕುಳಿತಿರುತ್ತದೆ. ಪಕ್ಕದ ಒಂದು ಹಂಚಿನ ಅಂಚೂ ಅದನ್ನು ಹಿಡಿದಿರುತ್ತದೆ. ಈ ಎರಡನ್ನೂ ಮೆಲ್ಲನೆ ಎತ್ತಿ ಕೆಳಗೆ ಮರದ ತುಂಡುಗಳನ್ನು ಸಿಕ್ಕಿಸಬೇಕು. ಒಡೆದ ಹಂಚನ್ನು ಸ್ವಲ್ಪ ಮೇಲಕ್ಕೆ ತಳ್ಳಿ, ಮೂಗು ರೀಪಿನಿಂದ ಬಿಟ್ಟ ಮೇಲೆ ಕೆಳಕ್ಕೆ ಎಳೆದುಕೊಳ್ಳಬೇಕು. ಹೊಸದನ್ನು ಅದೇ ದಾರಿಯಲ್ಲಿ ಮೇಲಕ್ಕೆ ತೂರಿಸಿ, ಮೂಗು ರೀಪನ್ನು ದಾಟಿದ ಮೇಲೆ ಕೆಳಕ್ಕೆ ಇಳಿಸಬೇಕು. ಒಮ್ಮೆ ಕೈಯಿಂದ ಎಳೆದು ನೋಡಿ. ಅಲುಗದಿದ್ದರೆ ತುಂಡುಗಳನ್ನು ತೆಗೆಯಬಹುದು. ಮುಚ್ಚಿಗೆ ಇಲ್ಲದ ಕಡೆ ಅಟ್ಟದ ಮೇಲೆ ನಿಂತು ಒಳಗಿನಿಂದಲೇ ಈ ಕೆಲಸ ಮಾಡಬಹುದು. ಮಾಡು ಹತ್ತಬೇಕಾಗಿ ಬರುವುದಿಲ್ಲ.

ಇಲ್ಲಿ ಒಂದು ತೊಡಕು ಇದೆ. ಹಂಚುಗಳೆಲ್ಲ ನೋಡಲು ಒಂದೇ ತೆರನಾಗಿದ್ದರೂ ಒಂದು ಕಾರ್ಖಾನೆಯ ಅಚ್ಚು ಇನ್ನೊಂದರಂತಿರುವುದಿಲ್ಲ. ಕಾಲು ಇಂಚು ವ್ಯತ್ಯಾಸವಾದರೂ ಅಂಚು ಕೂಡುವುದಿಲ್ಲ, ಕೂಡದಲ್ಲಿ ಸೋರುತ್ತದೆ. ಆದ್ದರಿಂದ ಹೊಸ ಹಂಚು ತರಲು ಹೋಗುವಾಗ ಹಳೆಯದೊಂದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿರಿ. ಹಂಚಿನ ಬೆನ್ನಿನಲ್ಲಿ ಕಾರ್ಖಾನೆಯ ಹೆಸರೂ ಊರೂ ಒತ್ತಿರುತ್ತದೆ. ಹಿಂದೆ ಮಂಗಳೂರಿನಲ್ಲಿ ಹೊಗೆ ಉಗುಳುತ್ತಿದ್ದ ಕಾರ್ಖಾನೆಗಳಲ್ಲಿ ಹಲವು ಈಗ ಮುಚ್ಚಿವೆ. ಹಾಗಾಗಿ ಜೊತೆಯ ಹಂಚು ಅಂಗಡಿಯಲ್ಲಿ ಸಿಗದೆ ಹೋಗಬಹುದು. ನೆರೆಯಲ್ಲಿ ಯಾರಾದರೂ ಹಳೆಮನೆ ಕೆಡವಿ ತಾರಸಿ ಮನೆ ಕಟ್ಟುತ್ತಿದ್ದರೆ ಅವರಲ್ಲಿ ಕೇಳಿ ನೋಡಿ. ಒಳ್ಳೆಯ ಹಂಚು ಐವತ್ತು ತಂದು ಕೊಟ್ಟಿಗೆಯ ಹಿಂದೆ ನಿಲ್ಲಿಸಿ ಜೋಡಿಸಿಟ್ಟರೆ ಹತ್ತು ವರ್ಷದ ಚಿಂತೆ ದೂರವಾದಂತೆ. ಮಲಗಿಸಿ ಪೇರಿಸಿದರೆ ಅಡಿಯವು ಭಾರಕ್ಕೆ ಒಡೆಯುತ್ತವೆ.

ಹಳೆಯ ಹಂಚು ಒಳ್ಳೆಯದೋ ಎಂದು ತಿಳಿಯಲು ಬೆರಳ ಗಂಟಿನಿಂದ ಬಡಿದು ನೋಡಬೇಕು. ಬಿರುಕಿಲ್ಲದ, ಚೆನ್ನಾಗಿ ಬೆಂದ ಹಂಚು ಗಂಟೆಯಂತೆ ದನಿ ಕೊಡುತ್ತದೆ. ಬಿರುಕಿದ್ದದ್ದು ಒಡಕು ಮಡಕೆಯ ಹಾಗೆ ಸಪ್ಪೆಯಾಗಿ ಸದ್ದು ಮಾಡುತ್ತದೆ. ಸಂಶಯವಿದ್ದರೆ ನೀರಿನಲ್ಲಿ ಅದ್ದಿ ಬಿಸಿಲಿಗೆ ಇಡಿ. ಮೈ ಒಣಗಿದ ಮೇಲೂ ಬಿರುಕಿನ ಗೆರೆ ಸ್ವಲ್ಪ ಹೊತ್ತು ಒದ್ದೆಯಾಗಿ ಕಪ್ಪಗೆ ಉಳಿದು ಗುಟ್ಟು ಬಿಟ್ಟುಕೊಡುತ್ತದೆ.

ಸುರಿಯುವ ಮಳೆಯಲ್ಲಿ ಹಂಚು ಬದಲಾಯಿಸಲಾಗದಿದ್ದರೆ ತಾತ್ಕಾಲಿಕ ಉಪಾಯ ನಮ್ಮ ತೋಟದಲ್ಲಿಯೇ ಇದೆ. ಅಗಲವಾದ ಅಡಕೆಯ ಹಾಳೆಯನ್ನು ಬಿರುಕುಬಿಟ್ಟ ಹಂಚಿನ ಅಡಿಗೆ, ಮೇಲಿನ ತುದಿ ಮೇಲಿನ ಸಾಲಿನ ಕೆಳಗೂ ಕೆಳಗಿನ ತುದಿ ಕೆಳಸಾಲಿನ ಹಂಚಿನ ಮೇಲೂ ಬರುವಂತೆ ಒಳಗಿನಿಂದ ತೂರಿಸಿದರೆ ನೀರು ಹಾಳೆಯ ಮೇಲಿನಿಂದ ಹರಿದು ಮುಂದಿನ ಹಂಚನ್ನು ಸೇರುತ್ತದೆ. ಅಜ್ಜಂದಿರು ಮಾಡುತ್ತಿದ್ದ ಈ ಉಪಾಯ ಒಂದು ಮಳೆಗಾಲ ಬಾಳುತ್ತದೆ. ಆದರೆ ಹಾಳೆಯನ್ನು ನಂಬಿ ಎರಡನೆಯ ವರ್ಷವೂ ಸುಮ್ಮನಿರಬಾರದು.

ಸಿಮೆಂಟಿನ ಮೋಹ

ಈಗ ಎಲ್ಲ ರೋಗಕ್ಕೂ ಸಿಮೆಂಟೇ ಮದ್ದು ಎಂಬ ನಂಬಿಕೆ ಬೆಳೆದಿದೆ. ಬಿರುಕು ಕಂಡಲ್ಲಿ ಒಂದು ಕೈ ಸಿಮೆಂಟು ಬಳಿದು ಇಳಿಯುವವರಿದ್ದಾರೆ. ಮಧ್ಯಾಹ್ನದ ಬಿಸಿಲಿಗೆ ಸುಟ್ಟು, ಸಂಜೆಯ ಮಳೆಗೆ ತಣಿಯುವ ಹಂಚು ಹಿಗ್ಗಿ ಕುಗ್ಗುವ ರೀತಿ ಬೇರೆ, ಸಿಮೆಂಟಿನದು ಬೇರೆ. ಒಂದೇ ವರ್ಷದಲ್ಲಿ ಅದು ಎದ್ದು ಬರುತ್ತದೆ. ಅದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ಅಂಚುಗಳ ಮೇಲೆ ಬಳಿದ ಸಿಮೆಂಟು ಪಕ್ಕದ ಹಂಚುಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಮುಂದಿನ ಸಲ ಒಂದು ಹಂಚು ತೆಗೆಯಲು ಹೋದರೆ ನಾಲ್ಕು ಒಡೆಯುತ್ತವೆ. ಯಾವಾಗ ಬೇಕಾದರೂ ಒಂದೊಂದಾಗಿ ತೆಗೆದು ಹಾಕಬಹುದು ಎಂಬುದೇ ಈ ಮಾಡಿನ ಹೆಚ್ಚಳ. ಅದನ್ನು ಕಳೆದುಕೊಂಡರೆ ಉಳಿಯುವುದೇನು? ಬಣ್ಣ ಹೊಡೆಯುವುದೂ ಅಂದಕ್ಕೇ ಹೊರತು ಬಿರುಕಿಗೆ ಮದ್ದಲ್ಲ.

ಗಾರೆ ಬೇಕಾದದ್ದು ನೆತ್ತಿಯ ಕೋಡುಹಂಚಿಗೆ. ಬಿರಿದ ಹಳೆಯ ಗಾರೆಯನ್ನು ಪೂರ್ತಿ ಕೆತ್ತಿ ತೆಗೆದು, ಹಂಚನ್ನು ನೀರಿನಿಂದ ನೆನೆಸಿ ಹೊಸದನ್ನು ತುಂಬಬೇಕು. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳು ಸೇರಿಸಿದ ಗಾರೆ ಬರಿಯ ಸಿಮೆಂಟಿನಷ್ಟು ಬೇಗ ಬಿರಿಯುವುದಿಲ್ಲ. ಹಾಕಿದ ಮೇಲೆ ಒದ್ದೆಗೋಣಿ ಹೊದೆಸಿ ಒಂದು ವಾರವಾದರೂ ಬಿಸಿಲಿನಿಂದ ಕಾಪಾಡಬೇಕು. ಸೂರಿನ ಕೊನೆಯ ಸಾಲಿನ ಹಂಚುಗಳನ್ನು ಗಾಳಿ ಎತ್ತಿ ಹಾಕುತ್ತದೆ. ಹಂಚಿನ ಅಡಿಯ ಮೂಗಿನಲ್ಲಿರುವ ತೂತಿಗೆ ತಂತಿ ಪೋಣಿಸಿ ರೀಪಿಗೆ ಕಟ್ಟಲು ಹಿಂದಿನವರು ಮರೆಯುತ್ತಿರಲಿಲ್ಲ.

ಹಂಚಿನ ಕೆಳಗಿನ ಮರ

ಹಂಚು ತೆಗೆದಾಗ ಸಿಕ್ಕಿದ ಅವಕಾಶದಲ್ಲಿ ಮರವನ್ನೂ ನೋಡಿಬಿಡಬೇಕು. ರೀಪಿಗೆ, ಪಕ್ಕಾಸಿಗೆ, ಗೋಡೆಯ ಮೇಲೆ ಕುಳಿತ ಅಡ್ಡಕ್ಕೆ ಚೂರಿಯ ಮೊನೆ ಒತ್ತಿ ನೋಡಿ. ಮೊನೆ ಸಲೀಸಾಗಿ ಇಳಿದರೆ ಮರ ಸತ್ತಿದೆ. ನೆಲದ ಮೇಲೆ ಬೆಳಗ್ಗೆ ಬೆಳಗ್ಗೆ ಸಣ್ಣ ಹಿಟ್ಟು ಬಿದ್ದಿದ್ದರೆ ಮೇಲೆ ಹುಳ ಕೊರೆಯುತ್ತಿದೆ. ಗೋಡೆಯಲ್ಲಿ ಬೆರಳ ದಪ್ಪದ ಮಣ್ಣಿನ ದಾರಿ ಮೇಲೇರಿದ್ದರೆ ಅದು ಗೆದ್ದಲು. ಪಕ್ಕಾಸು ಕೊಳೆಯುವುದು ಹೆಚ್ಚಾಗಿ ಗೋಡೆಯ ಮೇಲೆ ಕುಳಿತಲ್ಲಿ ಮತ್ತು ಸೂರಿನ ತುದಿಯಲ್ಲಿ. ನಡುವೆ ಗಟ್ಟಿಯಿದೆಯೆಂದು ನೆಮ್ಮದಿಯಿಂದಿರಬೇಡಿ. ಮಾಡಿನ ಸಾಲು ದೂರದಿಂದ ನೋಡುವಾಗ ಹೊಟ್ಟೆ ಬಿಟ್ಟಂತೆ ತಗ್ಗಿದ್ದರೆ ಅದು ಹಂಚಿನ ಕೆಲಸವಲ್ಲ, ಆಚಾರಿಯನ್ನು ಕರೆಸುವ ಕೆಲಸ. ಒಣಗಿದ ಮರಕ್ಕೆ ಗೇರೆಣ್ಣೆ ಹಚ್ಚುವುದು ನಮ್ಮ ಕರಾವಳಿಯ ಹಳೆಯ ರೂಢಿ. ಒಳ್ಳೆಯದೇ. ಆದರೆ ಅದು ಮೈಗೆ ತಾಗಿದರೆ ಸುಟ್ಟು ಬೊಕ್ಕೆ ಏಳುತ್ತದೆ ಎಂಬುದನ್ನು ಹಚ್ಚುವವರಿಗೆ ಮೊದಲೇ ಹೇಳಬೇಕು.

ಹತ್ತುವವರಿಗೆ ನಾಲ್ಕು ಮಾತು

ಮಾಡಿಗಿಂತ ಮನುಷ್ಯ ಮುಖ್ಯ. ಮಳೆ ಬಂದು ನಿಂತ ಮೇಲೆ, ಮುಂಜಾನೆಯ ಇಬ್ಬನಿ ಆರುವ ಮೊದಲು ಹತ್ತಬಾರದು. ಒಣಗಿದ ಹಾವಸೆ ಕೂಡ ಜಾರುತ್ತದೆ. ಒಂದು ಹಂಚಿನ ನಡುವೆ ಕಾಲಿಟ್ಟರೆ ಅದು ಒಡೆಯುತ್ತದೆ, ಕೆಲವೊಮ್ಮೆ ಕಾಲೂ ಒಳಗೆ ಹೋಗುತ್ತದೆ. ನೆತ್ತಿಗೆ ಕೊಕ್ಕೆ ಹಾಕಿ ಇಳಿಬಿಟ್ಟ ಏಣಿಯ ಮೇಲೆ, ಇಲ್ಲವೆ ಹಲಗೆಯ ಮೇಲೆ ನಡೆಯಬೇಕು. ಅದಿಲ್ಲದಿದ್ದರೆ ಕೆಳಗೆ ರೀಪು ಇರುವ, ಹಂಚಿನ ಮೇಲೆ ಹಂಚು ಕುಳಿತ ಜಾಗದಲ್ಲಿಯೇ ಕಾಲಿಡಬೇಕು. ಸೂರಿನ ಬಳಿ ಹಾದುಹೋಗುವ ವಿದ್ಯುತ್ ತಂತಿಯ ಕಡೆಗೆ ಅಲ್ಯೂಮಿನಿಯಂ ಏಣಿಯನ್ನಾಗಲಿ ಕಬ್ಬಿಣದ ದೋಟಿಯನ್ನಾಗಲಿ ಒಯ್ಯಬೇಡಿ. ಕೆಳಗೆ ಏಣಿ ಹಿಡಿಯಲು ಒಬ್ಬರು ಇರಲೇಬೇಕು. ಐವತ್ತು ವರ್ಷ ಹತ್ತಿದ್ದೇನೆ, ನನಗೇನು ಎಂದು ಎಪ್ಪತ್ತು ದಾಟಿದವರು ಹೊರಟರೆ ಏಣಿಯನ್ನು ಅಡಗಿಸಿಡುವುದೇ ಮನೆಯವರಿಗೆ ಕ್ಷೇಮ.

ನೆರೆಮನೆಯ ಸರದಿ

ಇಷ್ಟೆಲ್ಲ ಹೇಳಿದ ಮೇಲೆ ಓದುಗರು ನಮ್ಮನ್ನು ಒಂದು ಪ್ರಶ್ನೆ ಕೇಳುವುದು ನ್ಯಾಯವೇ. ಹತ್ತುವವರು ಯಾರು? ಮಕ್ಕಳು ಬೆಂಗಳೂರಿನಲ್ಲಿ, ಗಲ್ಫಿನಲ್ಲಿ. ಮನೆಯಲ್ಲಿ ಇಬ್ಬರು ವೃದ್ಧರು. ಹಂಚಿನ ಕೆಲಸ ಬಲ್ಲವರು ಊರಿಗೆ ಒಬ್ಬರೋ ಇಬ್ಬರೋ. ಅವರಿಗೂ ಒಂದು ಮನೆಯ ಆರು ಹಂಚಿಗಾಗಿ ಬಂದರೆ ದಿನದ ಸಂಬಳ ಗಿಟ್ಟುವುದಿಲ್ಲ. ಕೊನೆಗೆ ಬೇಸತ್ತ ಮನೆಯವರು ಹಂಚನ್ನೆಲ್ಲ ಇಳಿಸಿ ತಗಡಿನ ಶೀಟು ಹಾಕಿಸುತ್ತಾರೆ. ಶೀಟು ಹಾಕಿಸಿದವರನ್ನು ನಾವು ದೂರುವುದಿಲ್ಲ. ಸೋರುವ ಮನೆಯಲ್ಲಿ ಮಳೆಗಾಲ ಕಳೆಯುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಆದರೆ ಮೇ ತಿಂಗಳ ಮಧ್ಯಾಹ್ನ ಆ ಶೀಟಿನಡಿ ಕುಳಿತಾಗ, ಆಟಿಯ ಮಳೆಗೆ ಅದರ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸದಾದಾಗ, ಕಳೆದುಕೊಂಡದ್ದೇನೆಂದು ಅವರೇ ಹೇಳುತ್ತಾರೆ. ನಾವು ಬೇಡವೆಂದು ಇಳಿಸುವ ಇದೇ ಹಂಚನ್ನು ಲಾರಿ ಬಾಕರರು ಕೇರಳದ ಕಟ್ಟಡಗಳಲ್ಲಿ ತಾರಸಿಯ ಕಾಂಕ್ರೀಟಿನ ನಡುವೆ ಇಟ್ಟು ಸಿಮೆಂಟೂ ಖರ್ಚೂ ಉಳಿಸಿದರು.

ನಮಗೆ ತೋಚಿದ ದಾರಿ ಹೊಸದೇನಲ್ಲ, ಮುಳಿಮಾಡಿನ ಕಾಲದ್ದೇ. ಒಂದು ಬೈಲಿನ ಐದಾರು ಮನೆಯವರು ಸೇರಿ, ವಿಷುವಿಗೂ ಪತ್ತನಾಜೆಗೂ ನಡುವೆ ಎರಡು ದಿನ ಗೊತ್ತುಮಾಡಿ, ಕೆಲಸ ಬಲ್ಲ ಒಬ್ಬರನ್ನು ಕರೆಸಲಿ. ಅವರಿಗೆ ಎರಡು ದಿನದ ಕೆಲಸ ಸಿಗುತ್ತದೆ, ಪ್ರತಿ ಮನೆಗೂ ಖರ್ಚು ಹಂಚಿಹೋಗುತ್ತದೆ. ಊರಿನ ಇಬ್ಬರು ಯುವಕರು ಹಂಚು ಎತ್ತಿಕೊಡಲು ನಿಂತರೆ ಕೆಲಸವನ್ನೂ ಕಲಿತಂತಾಗುತ್ತದೆ. ಈ ವರ್ಷ ನಮ್ಮ ಬೈಲಿನಲ್ಲಿ ಹಾಗೆ ಮಾಡಿದೆವು. ಕೆಲಸಕ್ಕೆ ಬಂದವರ ಮನೆಮಾತು ಮಲಯಾಳ. ಅವರು ‘ಓಡ್’ ಎಂದರು, ‘ಕಳುಕ್ಕೋಲ್’ ಎಂದರು, ‘ಪಟ್ಟಿಗೆ’ ಎಂದರು. ನಾವು ಹಂಚು, ಪಕ್ಕಾಸು, ರೀಪು ಎಂದೆವು. ಅರ್ಧ ಗಂಟೆಯಲ್ಲಿ ಎರಡೂ ಭಾಷೆ ಮಾಡಿನ ಮೇಲೆ ಒಂದಾಗಿ ಕೆಲಸ ನಡೆಯಿತು. ಮೂರು ಹೆಸರನ್ನೂ ತಿಳಿಯದೆ ‘ರೂಫಿನ ಆ ಕೋಲು’ ಎಂದು ಬೆರಳು ತೋರಿಸಿದವನು ರಜೆಗೆ ಬಂದ ನಮ್ಮ ಮನೆಯ ಹುಡುಗನೇ. ಸಂಜೆಯ ಹೊತ್ತಿಗೆ ಅವನಿಗೆ ಹೆಸರೂ ಗೊತ್ತಾಗಿತ್ತು, ಹಂಚು ಎತ್ತುವ ಬಗೆಯೂ ಗೊತ್ತಾಗಿತ್ತು.

ನಮ್ಮ ಕನ್ನಡ ಶಾಲೆಗಳಲ್ಲಿಯೂ ಹಂಚಿನ ಮಾಡಿನ ಕಟ್ಟಡಗಳು ಇನ್ನೂ ಉಳಿದಿವೆ. ಜೂನ್ ತಿಂಗಳಲ್ಲಿ ಬಾಗಿಲು ತೆರೆಯುವ ಮೊದಲು ಕಟ್ಟಡ ಯೋಗ್ಯವಾಗಿದೆಯೆಂಬ ಪತ್ರ ಬೇಕು. ಆ ಒಂದು ದಿನದ ಕೆಲಸಕ್ಕೆ ಹಳೆ ವಿದ್ಯಾರ್ಥಿಗಳು ಕೈಜೋಡಿಸಿದರೆ ಭಾಷಣಕ್ಕಿಂತ ಹೆಚ್ಚಿನ ಸೇವೆಯಾದೀತು.

ಪತ್ತನಾಜೆ ಎಂದರೆ ತುಳುವರ ಬೇಷ ತಿಂಗಳ ಹತ್ತನೆಯ ದಿನ, ಸಾಧಾರಣ ಮೇ 24ರ ಹೊತ್ತಿಗೆ. ಮೇಳಗಳು ಗೆಜ್ಜೆ ಬಿಚ್ಚುವ ದಿನ. ಆಟ ಮುಗಿಯಿತು, ಇನ್ನು ಮಳೆ ಎಂಬ ಲೆಕ್ಕ. ಆದರೆ ಮಳೆ ಈಗ ಪಂಚಾಂಗ ನೋಡಿ ಬರುವುದಿಲ್ಲ. 2021ರಲ್ಲಿ ತೌಕ್ತೆ ಚಂಡಮಾರುತ ಮೇ ನಡುವಿನಲ್ಲಿಯೇ ನಮ್ಮ ಕರಾವಳಿಯನ್ನು ನಡುಗಿಸಿತು. ಆದ್ದರಿಂದ ಪತ್ತನಾಜೆಯವರೆಗೂ ಕಾಯದೆ ಈ ವಾರವೇ ಒಂದು ಮಧ್ಯಾಹ್ನ ಅಟ್ಟ ಹತ್ತಿ ನೋಡಿ.

ಹತ್ತಿದಾಗ ಅಲ್ಲಿ ಹಳೆಯ ಪೆಟ್ಟಿಗೆಯಿದ್ದರೆ ಅದನ್ನೂ ತೆರೆಯಿರಿ. ಒಳಗಿನ ಕಾಗದಗಳನ್ನು ನೆರಳಲ್ಲಿ ಗಾಳಿಗೆ ಹರಡಿ, ಒಂದೊಂದು ಪುಟದ ಚಿತ್ರ ತೆಗೆದುಕೊಂಡು, ಒಣಗಿದ ಮೇಲೆ ಕೆಳಗಿನ ಕೋಣೆಯ ಕಪಾಟಿನಲ್ಲಿ, ಗೋಡೆಗೆ ತಾಗದಂತೆ ಇಡಿ. ನಮ್ಮ ಪೆಟ್ಟಿಗೆಯ ಅಡಿಯಲ್ಲಿ ಒಂದು ಪುಸ್ತಕ ಮಾತ್ರ ಒಣಗಿದ್ದಾಗಿ ಉಳಿದಿತ್ತು. ಅದರಲ್ಲಿ ಅಜ್ಜ ಮನೆಗೆ ಹಂಚು ಹಾಕಿಸಿದ ವರ್ಷದ ಲೆಕ್ಕವಿದೆ. ಎಷ್ಟು ಹಂಚು ಬಂತು, ದಾರಿಯಲ್ಲಿ ಎಷ್ಟು ಒಡೆಯಿತು ಎಂದು ಬರೆದಿದ್ದಾರೆ. ಉಳಿದ ಇಪ್ಪತ್ತೆರಡು ಹಂಚನ್ನು ಮುಂದಕ್ಕೆ ಬೇಕಾದೀತೆಂದು ಕೊಟ್ಟಿಗೆಯ ಹಿಂದೆ ಇರಿಸಿದ್ದಾಗಿಯೂ ಬರೆದಿದ್ದಾರೆ. ಹೋಗಿ ನೋಡಿದೆವು. ಹುಲ್ಲು ಬೆಳೆದು ಮುಚ್ಚಿದ್ದ ಜಾಗದಲ್ಲಿ ಹನ್ನೊಂದು ಹಂಚು ಈಗಲೂ ಇದ್ದವು. ಬಡಿದು ನೋಡಿದಾಗ ಒಂಬತ್ತು ಗಂಟೆಯಂತೆ ದನಿ ಕೊಟ್ಟವು. ಬಿರುಕುಬಿಟ್ಟ ಹಂಚಿನ ಜಾಗದಲ್ಲಿ ಈಗ ಅವುಗಳಲ್ಲಿ ಒಂದು ಕುಳಿತಿದೆ.